ಸುನ್ನೆವಾ ನಿಲ್ಲುವ ಜಾಗ

ಹೊಸ ವರ್ಷದ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಅಪ್ಪ ಮಾಡಿಟ್ಟು ಹೋದದ್ದು. ಒಣಗಿಸಿದ ಕುರಿಮಾಂಸಕ್ಕೆ ಚಾಕು ಹಾಕುವ ಮೊದಲು ಮೇಜಿನ ಸುತ್ತ ಕೂತ ಪ್ರತಿಯೊಬ್ಬರೂ ಬರುವ ವರ್ಷ ತಾವೇನು ಸಾಧಿಸುತ್ತೇವೆಂದು ಹೇಳಬೇಕು. ಒಬ್ಬರಿಗೆ ಒಂದೇ ಗುರಿ. ಮೇಜಿನ ಮುಂದೆ ಆಡಿದ ಮಾತನ್ನು ಮನೆಯವರೆಲ್ಲ ಸೇರಿ ನಡೆಸಿಕೊಡಬೇಕು. ‘ಮನೆಯವರೆಲ್ಲ’ ಅಂದರೆ ಯಾರು ಎಂಬುದನ್ನು ಮಾತ್ರ ಅಪ್ಪ ಬಿಡಿಸಿ ಹೇಳಿಹೋಗಲಿಲ್ಲ.

ಆ ಸಂಜೆ ಮೊದಲು ಬಾಯಿ ಬಿಟ್ಟವನು ನನ್ನ ಅಣ್ಣ ಟುಮ್ಮಸ್. ದೂರದ ಸಮುದ್ರಕ್ಕೆ ಹೋಗುವ ಮೀನುಹಡಗಿನಲ್ಲಿ ಅವನಿಗೆ ಕೆಲಸ, ವರ್ಷದಲ್ಲಿ ಅರ್ಧ ಮನೆಯಲ್ಲಿರುವುದಿಲ್ಲ.

“ಈ ಸಲ ಬೇಸಿಗೆ ಪೂರ್ತಿ ರಜೆ ಹಾಕ್ತೀನಿ. ಗಂಡಸರ ದೋಣೀಲಿ ಹುಟ್ಟು ಹಾಕ್ತೀನಿ, ಓಲವ್‌ಸೋಕಾ ಹಬ್ಬಕ್ಕೆ” ಅಂದ. ಜುಲೈ ಕೊನೆಗೆ ಬರುವ ಆ ಹಬ್ಬದಲ್ಲಿ ನಮ್ಮ ರಾಜಧಾನಿ ಹಾವ್ನ್‌ನಲ್ಲಿ ಊರೂರಿನ ದೋಣಿಗಳ ಪಂದ್ಯ ನಡೆಯುತ್ತದೆ. ನಮ್ಮಮ್ಮ ಎಲ್ಸ್ಪಾ ಕಣ್ಣೊರೆಸಿಕೊಂಡಳು.

ಅವನ ಮಗಳು ರನ್ವಾಗೆ ಹದಿನಾಲ್ಕು, ನಮ್ಮಲ್ಲಿ ಮಕ್ಕಳು ಚರ್ಚಿನಲ್ಲಿ ನಿಂತು ತಮ್ಮ ನಂಬಿಕೆಯನ್ನು ದೃಢಪಡಿಸುವ ವಯಸ್ಸು. “ಏಪ್ರಿಲ್‌ನಲ್ಲಿ ಚರ್ಚಲ್ಲಿ ನನ್ನ ದೃಢೀಕರಣ ಇದೆಯಲ್ಲ, ಅದಕ್ಕೆ ನಮ್ಮ ನಾಡಿನ ಉಡುಪು ನಂದೇ ಬೇಕು. ಹೊಸದು. ಯಾರದ್ದೋ ಎರವಲು ತಂದು ಹಾಕ್ಕೊಳ್ಳಲ್ಲ.”

“ನಂಗೆ ಕೋಳಿ” ಅಂದ ಮಗ ಬೋಗಿ. ಅವನಿಗಿನ್ನೂ ಎಂಟು.

“ಮಂಡಿ ಆಪರೇಷನ್ ಮಾಡಿಸ್ಕೊಂಡು ಚರ್ಚಿಗೆ ನಡ್ಕೊಂಡು ಹೋಗ್ಬೇಕು. ಯಾರ ಕೈಯೂ ಹಿಡೀದೆ” ಅಂದಳು ಅಮ್ಮ.

ನನ್ನ ಸರದಿ ಬಂತು. ನಾನು ಮಾಲನ್, ಊರಿನ ಬಸ್ಸು ಓಡಿಸುವವಳು. ಮದುವೆಯಾಗಿಲ್ಲ, ಕೆಳಗಿನ ಅಂತಸ್ತಿನಲ್ಲಿ ಒಬ್ಬಳೇ ಇದ್ದೇನೆ, ಊಟ ಮಾತ್ರ ಮೇಲೆ. ಬೈಸಿಕೊಳ್ಳದೆ ಒಂದು ವರ್ಷ ಕಳೆಯುವುದೇ ನನ್ನ ಗುರಿ ಅಂದೆ. ಎಲ್ಲರೂ ನಕ್ಕರು. ಅಮ್ಮ ಚಾಕು ಎತ್ತಿಕೊಂಡಳು.

ಆಗ ಅಡುಗೆಮನೆಯ ಬಾಗಿಲಿನಿಂದ ಮಾತು ಬಂತು. “ನಾನು ಹೆಂಗಸರ ದೋಣೀಲಿ ಕೂತ್ಕೋತೀನಿ.”

ಸುನ್ನೆವಾ, ನನ್ನ ಅತ್ತಿಗೆ, ಗ್ರೇವಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳನ್ನು ಕೇಳುವುದನ್ನೇ ನಾವು ಮರೆತಿದ್ದೆವು. ಮರೆತಿದ್ದೇವೆಂದು ಹೊಳೆದೂ ಇರಲಿಲ್ಲ, ಅದು ಇನ್ನೂ ಕೆಟ್ಟದ್ದು. ಮದುವೆಗೆ ಮುಂಚೆ ಅವಳು ಹಾಕಿದ ಹುಟ್ಟನ್ನು ಈಗಲೂ ಜನ ನೆನೆಯುತ್ತಾರೆ. ರನ್ವಾ ಹೊಟ್ಟೆಯಲ್ಲಿದ್ದಾಗ ದೋಣಿಯಿಂದ ಇಳಿದವಳು ಮತ್ತೆ ಹತ್ತಿರಲಿಲ್ಲ.

“ಈ ಓಲವ್‌ಸೋಕಾಗೆ” ಎಂದು ಸೇರಿಸಿದಳು. “ಹಾವ್ನ್‌ನಲ್ಲಿ, ಎಲ್ಲರ ಮುಂದೆ.”

“ಮೊದಲು ಊಟಕ್ಕೆ ಕೂತ್ಕೋ. ಆಮೇಲೆ ದೋಣೀಲಿ ಕೂತ್ಕೊಳ್ಳೋವಂತೆ” ಅಂದಳು ಅಮ್ಮ.

ಮತ್ತೆ ಎಲ್ಲರೂ ನಕ್ಕರು. ಸುನ್ನೆವಾ ಬಟ್ಟಲು ಇಟ್ಟು ಸೌಟು ತರಲು ಒಳಗೆ ಹೋದಳು.

*

ಜನವರಿಯಲ್ಲಿ ಅಣ್ಣ ಹಡಗು ಹತ್ತಿದ. ಮನೆಯವರ ಗುರಿಗಳೆಲ್ಲ ಒಂದೊಂದಾಗಿ ಎದ್ದು ಬಂದು ಅತ್ತಿಗೆಯ ಕೈಯಲ್ಲಿ ಕೂತವು. ರನ್ವಾಳ ಉಡುಪು ಅಂದರೆ ಶಾಲು, ಏಪ್ರನ್, ಅವುಗಳ ತುಂಬ ಹೂವಿನ ಕಸೂತಿ. ಕಸೂತಿ ಯಾರು ಹಾಕಬೇಕು? ಅಮ್ಮನ ಮಂಡಿ ಅಂದರೆ ಆಸ್ಪತ್ರೆ, ಆಮೇಲೆ ದಿನಾ ಕಾಲು ಬಗ್ಗಿಸಿ ನೀಡಿಸುವ ವ್ಯಾಯಾಮ. ಹಿಡಿದು ಮಾಡಿಸುವವರು ಯಾರು? ಕೋಳಿಗಳಿಗೆ ಗೂಡು ಬೇಕು, ನಮ್ಮ ಗಾಳಿಗೆ ಹಾರಿಹೋಗದಂಥ ಗೂಡು. ಅದನ್ನೂ ಅವಳೇ ಹೊಡೆದಳು, ಮೊಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡು. ಬೆಳಕು ಹರಿಯುವ ಮುಂಚೆ ಸಾಲ್ಮನ್ ಮೀನಿನ ಕಾರ್ಖಾನೆಗೆ ಹೋಗಿ, ಮಧ್ಯಾಹ್ನದವರೆಗೆ ತಣ್ಣೀರಲ್ಲಿ ಮೀನು ಸೀಳಿ ಬಂದ ಕೈಗಳು ಅವು.

ಅಷ್ಟಾಗಿಯೂ ಮಂಗಳವಾರ ಮತ್ತು ಗುರುವಾರ ಸಂಜೆ ದೋಣಿಮನೆಗೆ ಬರುತ್ತಿದ್ದಳು. ಚಳಿಗಾಲದಲ್ಲಿ ದೋಣಿ ನೀರಿಗಿಳಿಯುವುದಿಲ್ಲ, ಒಳಗೆ ಯಂತ್ರದ ಮೇಲೆ ಕೂತು ಹುಟ್ಟು ಎಳೆಯುವ ಅಭ್ಯಾಸ. ಹೆಂಗಸರ ದೋಣಿಗೆ ಆರು ಜನ ಹುಟ್ಟಿಗೆ, ಸುನ್ನೆವಾಳದ್ದು ಎರಡನೇ ಹುಟ್ಟು, ಏಳನೆಯವಳು ಚುಕ್ಕಾಣಿ ಹಿಡಿದು ಹುಟ್ಟಿನ ಲಯಕ್ಕೆ ಎಣಿಕೆ ಕೂಗಲು. ಆ ಏಳನೆಯವಳು ನಾನು, ತೂಕ ಕಡಿಮೆ ಮತ್ತು ಗಂಟಲು ದೊಡ್ಡದು ಎಂಬ ಕಾರಣಕ್ಕೆ.

ಅವಳು ಯಂತ್ರದ ಮೇಲೆ ಕೂತ ಕೂಡಲೇ ಅವಳ ಫೋನು ಬಡಿದುಕೊಳ್ಳುತ್ತಿತ್ತು.

“ಅಮ್ಮ, ನನ್ನ ಉಣ್ಣೆ ಕಾಲುಚೀಲ ಎಲ್ಲಿ?” ಬೋಗಿ.

“ನಿನ್ನ ಕಾಲಲ್ಲಿ ನೋಡು.”

“ಹೌದು, ಇಲ್ಲೇ ಇದೆ.”

ಆಮೇಲೆ ನಮ್ಮಮ್ಮ. “ಮೀನು ಬೇಯಿಸಿಟ್ಟು ಹೋಗಿದೀಯಲ್ಲ, ಆಲೂಗಡ್ಡೆ ಎಲ್ಲಿ?”

“ಪಕ್ಕದ ಪಾತ್ರೇಲಿದೆ ಅತ್ತೆ. ಮುಚ್ಚಳ ತೆಗೀರಿ.”

“ಮುಚ್ಚಳ ಬಿಸಿ ಇದೆ.”

“ಅತ್ತಿಗೆ, ಫೋನ್ ಮನೇಲಿಟ್ಟು ಬಾ” ಅಂದೆ ಒಂದು ದಿನ.

“ಮನೇಲಿಟ್ಟರೆ ಬೋಗೀನ ಇಲ್ಲಿಗೇ ಓಡಿಸ್ತಾರೆ. ಮಂಜಲ್ಲಿ ಜಾರಿ ಬೀಳ್ತಾನೆ” ಅಂದಳು. ಬೆವರು ಒರೆಸಿಕೊಂಡು ಮತ್ತೆ ಎಳೆದಳು. ನನಗೆ ಮನೆಯವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅಮ್ಮ ಹಾಕಿದ ಕಾಫಿ ಕುಡಿಯಲೂ ಮನಸ್ಸಾಗುತ್ತಿರಲಿಲ್ಲ. ಅತ್ತಿಗೆ ಎಂದೂ ಕೂಗಾಡಲಿಲ್ಲ. ಅದಕ್ಕೂ ಸಿಟ್ಟು ಬರುತ್ತಿತ್ತು.

*

ಏಪ್ರಿಲ್‌ನಲ್ಲಿ ಅಣ್ಣ ಬಂದ. ರನ್ವಾಳ ದೃಢೀಕರಣ ಊರು ಮೆಚ್ಚುವಂತೆ ನಡೆಯಿತು. ಕೆಂಪು ಕಪ್ಪು ಉಡುಪಿನಲ್ಲಿ, ಎದೆಯ ಮೇಲೆ ಅಜ್ಜಿಯ ಬೆಳ್ಳಿಯ ಗುಂಡಿಗಳನ್ನು ಹಾಕಿಕೊಂಡು ಹುಡುಗಿ ಚರ್ಚಿನಿಂದ ಹೊರಬಂದಳು. ಮನೆ ತುಂಬ ನೆಂಟರು. ಸುನ್ನೆವಾ ಹಿಂದಿನ ವಾರವೆಲ್ಲ ಕೇಕು ಮಾಡಿದ್ದಳು.

ಊಟದ ನಡುವೆ ಅಣ್ಣ ಲೋಟಕ್ಕೆ ಚಮಚ ಬಡಿದು ಎದ್ದು ನಿಂತ.

“ನಮ್ಮ ಮನೇಲಿ ಹೇಳಿದ್ದನ್ನ ಮಾಡ್ತೀವಿ” ಅಂದ. “ಅಮ್ಮನ ಮಂಡಿ ಆಯ್ತು. ಇವತ್ತು ಚರ್ಚಿಗೆ ನಡ್ಕೊಂಡೇ ಬಂದಿದ್ದಾಳೆ. ರನ್ವಾಳ ಉಡುಪು ನೀವೇ ನೋಡ್ತಿದ್ದೀರಿ. ಬೋಗಿಯ ಕೋಳಿ ಮೊಟ್ಟೆ ಇಡ್ತಿವೆ. ಇನ್ನು ಉಳಿದಿರೋದು ನನ್ನ ದೋಣಿ ಒಂದೇ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಚಿಕ್ಕಪ್ಪ ಅಮ್ಮನ ಹತ್ತಿರ ಬಂದು, ಬೆಳ್ಳಿ ಎಷ್ಟು ಚೆನ್ನಾಗಿ ಹೊಳೀತಿದೆ ಅಂದ. ಅಮ್ಮ ತಲೆದೂಗಿದಳು. ಅದನ್ನು ಉಜ್ಜಿದವಳು ಅವನ ಹಿಂದೆ ಎಂಜಲು ತಟ್ಟೆ ಎತ್ತುತ್ತಿದ್ದಳು.

ನಾನು ಅಡುಗೆಮನೆಗೆ ಹೋದೆ. “ಕೇಳಿಸ್ಕೊಂಡ್ಯಾ? ಒಂದೇ ಉಳಿದಿರೋದಂತೆ.”

“ಕೇಳಿಸ್ತು.”

“ಹೋಗಿ ಹೇಳು.”

“ಮಗಳ ದಿನ ಮಾಲನ್. ಇವತ್ತು ಬೇಡ” ಅಂದಳು. ಅವಳಿಗೆ ಯಾವತ್ತೂ ಯಾರದ್ದೋ ದಿನ.

*

ಮೇ ತಿಂಗಳಲ್ಲಿ ದೋಣಿಗಳು ನೀರಿಗಿಳಿದವು. ಗಂಡಸರದ್ದೂ ಹೆಂಗಸರದ್ದೂ ಒಂದೇ ಸಂಜೆ ತರಬೇತಿ, ಈಗ ಸೋಮವಾರವೂ. ಅಣ್ಣ ಊಟ ಮಾಡಿ ತಟ್ಟೆಯನ್ನು ಅಲ್ಲೇ ಬಿಟ್ಟು, ಶಿಳ್ಳೆ ಹಾಕುತ್ತ ಇಳಿದು ಹೋಗುತ್ತಿದ್ದ. ಅವನು ಹೋಗುತ್ತಾನೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಅತ್ತಿಗೆ ಹೊರಟರೆ ಮಾತ್ರ ಅಮ್ಮನ ಮಂಡಿ ಹಿಡಿದುಕೊಳ್ಳುತ್ತಿತ್ತು, ರನ್ವಾಗೆ ಪರೀಕ್ಷೆ ನೆನಪಾಗುತ್ತಿತ್ತು, ಕೋಳಿಯೊಂದು ಕಾಣೆಯಾಗುತ್ತಿತ್ತು. ಎರಡು ಸಲ ಅವಳಿಗೆ ಬರಲಾಗಲಿಲ್ಲ. ಅವಳ ಜಾಗದಲ್ಲಿ ಲೀವ್ ಎಂಬ ಹತ್ತೊಂಬತ್ತರ ಹುಡುಗಿ ಕೂತಳು.

ಜೂನ್ ಕೊನೆಯಲ್ಲಿ ನಮಗೆ ತರಬೇತಿ ಕೊಡುವ ಹೈನಿ ಬಸ್ಸು ಹತ್ತಿದ. ನನ್ನ ಹಿಂದಿನ ಸೀಟಿನಲ್ಲೇ ಕೂತು ಹೇಳಿದ, “ಒಳ್ಳೇದಾಯ್ತು ಬಿಡು. ಸುನ್ನೆವಾಗೂ ನೆಮ್ಮದಿ.”

“ಏನಾಯ್ತು?”

“ಟುಮ್ಮಸ್ ಬಂದಿದ್ದ. ಅವಳಿಗೆ ತುಂಬಾ ಸುಸ್ತಂತೆ. ಬಿಡ್ತೀನಿ ಅಂತ ಹೇಳೋಕೆ ಸಂಕೋಚವಂತೆ. ಹಬ್ಬಕ್ಕೆ ಲೀವ್‌ನ ಕೂರಿಸ್ತೀನಿ. ಸುನ್ನೆವಾ ಬೇಕಾದ್ರೆ ತಂಡಕ್ಕೆ ಕೇಕು ಮಾಡ್ಲಿ.”

ನಾನು ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿದೆ. ಹಿಂದೆ ಕೂತಿದ್ದ ಇಬ್ಬರು ಮುದುಕಿಯರು ಕಿಟಕಿಯಾಚೆ ಕುರಿ ಅಡ್ಡ ಬಂತೇ ಎಂದು ನೋಡಿದರು. “ಕೇಕಾ?” ಅಂದೆ. ಮುಂದಿನದು ಬರೆಯುವಂಥ ಮಾತಲ್ಲ.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಮೀನಿನ ಉಂಡೆ ಕಟ್ಟುತ್ತಿದ್ದಳು. ಕೈ ತೊಳೆದುಕೊಂಡಳು, ಒರೆಸಿಕೊಂಡಳು, ಕೋಟು ಹಾಕಿಕೊಂಡು ನೇರ ಹೈನಿಯ ಮನೆಗೆ ನಡೆದಳು. ನಾನೂ ಹಿಂದೆ ಹೋದೆ.

“ಹೈನಿ, ನಿನ್ನ ಹತ್ರ ಮಾತಾಡಿದ್ದು ಯಾರು?”

“ಟುಮ್ಮಸ್.”

“ಹುಟ್ಟು ಹಾಕೋದು ಯಾರು?”

“ನೀನು.”

“ಹಾಗಿದ್ರೆ ನನ್ನ ಬಾಯಿಂದ ಕೇಳು. ನಾನು ಬಿಡಲ್ಲ.”

ಹೈನಿ ತಲೆ ಕೆರೆದುಕೊಂಡ. ಲೀವ್‌ಗೆ ಮಾತು ಕೊಟ್ಟಾಗಿದೆ ಅಂದ. ಕೊನೆಗೆ, ಶನಿವಾರ ಬೆಳಿಗ್ಗೆ ಒಂದು ಸಲ ಅವಳನ್ನೂ ಒಂದು ಸಲ ಇವಳನ್ನೂ ಕೂರಿಸಿ ನೋಡುವುದು, ದೋಣಿ ಯಾರಿದ್ದಾಗ ಬೇಗ ಬರುತ್ತದೋ ಅವರೇ ಹಬ್ಬಕ್ಕೆ, ಎಂದು ತೀರ್ಮಾನವಾಯಿತು.

ಮನೆಯಲ್ಲಿ ಅಣ್ಣ ತಪ್ಪೇನೂ ಮಾಡದವನಂತೆ, “ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ. ನೀನು ಬಡವಾಗಿದ್ದೀಯ” ಅಂದ.

“ಬಡವಾಗಿದ್ದು ದೋಣಿಯಿಂದ ಅಲ್ಲ” ಅಂದಳು ಸುನ್ನೆವಾ.

*

ಗುರುವಾರ ಊಟದ ಹೊತ್ತಿಗೆ ಅಣ್ಣನಿಗೆ ಫೋನು ಬಂತು. ಶನಿವಾರ ಮಳೆಯಿಲ್ಲ, ಗುಡ್ಡದ ಮೇಲಿನ ಕುರಿಗಳನ್ನು ಉಣ್ಣೆ ಕತ್ತರಿಸಲು ಇಳಿಸುವುದಂತೆ. ಊರಿನ ಅರ್ಧ ಮನೆಗಳಿಗೆ ಆ ಹಿಂಡಿನಲ್ಲಿ ಪಾಲಿದೆ, ಎಲ್ಲರೂ ಬರಬೇಕು.

“ಶನಿವಾರ ಬೆಳಿಗ್ಗೆ ನಾನು ದೋಣೀಲಿರ್ತೀನಿ” ಅಂದಳು ಸುನ್ನೆವಾ.

“ರೂಬಾರ್ಬ್ ಜಾಮ್ ಇತ್ತ ಕೊಡು” ಅಂದಳು ಅಮ್ಮ.

“ಬೋಗಿ, ಈ ಸಲ ನೀನು ನನ್ನ ಪಕ್ಕ ನಡೀಬೇಕು” ಅಂದ ಅಣ್ಣ.

ನಾನು ಅಲ್ಲೇ ಕೂತಿದ್ದೆ. ಅವಳು ಗೊಣಗಲಿಲ್ಲ, ಪಿಸುಗುಡಲಿಲ್ಲ. ಎಲ್ಲರಿಗೂ ಕೇಳುವಂತೆ, ಬಾಯಲ್ಲಿ ತುತ್ತಿಲ್ಲದೆ ಹೇಳಿದಳು. ಜಾಮ್‌ನ ಬಟ್ಟಲನ್ನೂ ಅವಳೇ ದಾಟಿಸಿದಳು.

ಕುರಿ ಇಳಿಸುವಾಗ ಜನ ಗುಡ್ಡದ ಉದ್ದಕ್ಕೂ ಸಾಲಾಗಿ ನಿಂತು ಹಿಂಡನ್ನು ಕೆಳಗಿನ ದೊಡ್ಡಿಯ ಕಡೆಗೆ ಅಟ್ಟಿಕೊಂಡು ಬರುತ್ತಾರೆ. ಎರಡು ಬಂಡೆಗಳ ನಡುವೆ ಒಂದು ಕಿಂಡಿಯಿದೆ. ಅದರಾಚೆ ಹಳ್ಳ, ಹಳ್ಳದಾಚೆ ಇನ್ನೊಂದು ಗುಡ್ಡ. ಓಡಬಲ್ಲವರು ಯಾರಾದರೂ ಅಲ್ಲಿ ನಿಂತು ಕೂಗದಿದ್ದರೆ ಕುರಿಗಳು ನುಗ್ಗಿಬಿಡುತ್ತವೆ. ರನ್ವಾ ಹುಟ್ಟಿದ ಮರುವರ್ಷದಿಂದ ಅಲ್ಲಿ ನಿಲ್ಲುವವಳು ಸುನ್ನೆವಾ. ಊರಿನವರು ಅದನ್ನು ಸುನ್ನೆವಾ ನಿಲ್ಲುವ ಜಾಗ ಎಂದೇ ಕರೆಯುತ್ತಾರೆ.

ಶನಿವಾರ ಮೊದಲು ಲೀವ್ ಕೂತಳು. ಒಳ್ಳೆಯ ಹುಡುಗಿ, ಗಟ್ಟಿಯಾಗಿಯೇ ಎಳೆದಳು. ಎರಡನೆಯ ಸಲ ಸುನ್ನೆವಾ. ಹೈನಿ ಪಕ್ಕದಲ್ಲಿ ಮೋಟಾರು ದೋಣಿಯಲ್ಲಿ ಗಡಿಯಾರ ಹಿಡಿದು ಬರುತ್ತಿದ್ದ. ನಾವು ಊರಿನಿಂದ ದೂರಕ್ಕೆ ಹೋಗುತ್ತಿದ್ದೆವು. ಹುಟ್ಟು ಹಾಕುವವರು ಹಿಂದುಮುಂದಾಗಿ ಕೂರುತ್ತಾರಲ್ಲ, ಅವರಿಗೆ ಮುಂದಿನದು ಕಾಣುವುದಿಲ್ಲ, ಬಿಟ್ಟುಬಂದ ಊರು ಮತ್ತು ಗುಡ್ಡ ಮಾತ್ರ ಕಾಣುತ್ತದೆ. ನನಗೆ ಅವರ ಮುಖ.

ಅರ್ಧ ದಾರಿಯಲ್ಲಿ ಸುನ್ನೆವಾಳ ಕಣ್ಣು ಅಗಲವಾಯಿತು. ನಾನು ತಟಕ್ಕನೆ ತಿರುಗಿ ನೋಡಿದೆ. ಗುಡ್ಡದ ಮೇಲೆ, ಆ ಕಿಂಡಿಯಲ್ಲಿ, ಬಿಳಿ ಕಪ್ಪು ಕುರಿಗಳು ಹಾಲು ಉಕ್ಕಿದಂತೆ ಹೊರಗೆ ಸುರಿಯುತ್ತಿದ್ದವು. ಅಲ್ಲಿ ಯಾರೂ ಇರಲಿಲ್ಲ. ಮೇಲೆ ಸಾಲಾಗಿ ನಿಂತಿದ್ದವರೆಲ್ಲ ಕೈ ಬೀಸುತ್ತ ಓಡುತ್ತಿದ್ದರು.

“ಅತ್ತಿಗೆ” ಅಂದೆ.

“ನೀನು ಎಣಿಸು” ಅಂದಳು.

ನಾನು ಎಣಿಸಿದೆ. ಅವಳ ಹುಟ್ಟು ಒಂದು ಸಲವೂ ತಪ್ಪಲಿಲ್ಲ. ಕುರಿಗಳು ಮುಗಿಯುವವರೆಗೂ ಅವಳು ನೋಡಿದಳು, ನೋಡುತ್ತಲೇ ಎಳೆದಳು. ಹೈನಿ ಗಡಿಯಾರ ಎತ್ತಿ ತೋರಿಸಿ, “ಎರಡನೇ ಹುಟ್ಟಿಗೆ ಸುನ್ನೆವಾ” ಎಂದು ಕೂಗಿದ. ನಾವು ತಿರುಗಿ ಬಂದಾಗ ಲೀವ್ ದಡದಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು, ಪಾಪ. ಅವಳಿಗೆ ಇನ್ನೂ ಎಷ್ಟೋ ಬೇಸಿಗೆಗಳಿವೆ.

*

ಸಂಜೆ ಅಣ್ಣ ಬಂದ. ಮೊಣಕಾಲವರೆಗೆ ಕೆಸರು. ಬೂಟು ಬಿಚ್ಚದೆ ಊಟದ ಮೇಜಿನವರೆಗೆ ನಡೆದ.

“ಊರೆಲ್ಲ ನಗ್ತಿದೆ. ಹಿಂಡು ಪೂರ್ತಿ ಆಚೆ ಗುಡ್ಡಕ್ಕೆ ಹೋಯ್ತು.”

“ನೋಡ್ದೆ” ಅಂದಳು ಸುನ್ನೆವಾ.

“ನೋಡ್ದೆ ಅಂತೀಯಲ್ಲ! ಅಲ್ಲಿ ಯಾರು ನಿಲ್ಬೇಕಿತ್ತು?”

“ಯಾರಿಗೆ ಹೇಳಿದ್ರಿ?”

“ಹೇಳೋದೇನು, ಅದು ನೀನು ನಿಲ್ಲೋ ಜಾಗ.”

ಬೋಗಿ ನನ್ನ ಪಕ್ಕ ಸರಿದು ಹೇಳಿದ, “ಅತ್ತೆ, ಅಪ್ಪ ಕೂಗ್ತಾನೇ ಇದ್ರು. ‘ಸುನ್ನೆವಾ, ತಡಿ, ತಡಿ’ ಅಂತ. ಅಲ್ಲಿ ಯಾರೂ ಇರ್ಲೇ ಇಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ನನ್ನ ಕಡೆ ಉರಿಗಣ್ಣು ಬಿಟ್ಟ. “ಬರಲ್ಲ ಅಂತ ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?”

“ಗುರುವಾರ ಇಲ್ಲೇ ಹೇಳ್ದೆ” ಅಂದಳು ಸುನ್ನೆವಾ. ದನಿ ಏರಿತು, ನಾನು ಕೇಳಿದ್ದು ಅದೇ ಮೊದಲ ಸಲ. “ಹೊಸ ವರ್ಷದ ಹಿಂದಿನ ಸಂಜೆ ಇದೇ ಮೇಜಿನ ಮುಂದೆ ಹೇಳ್ದೆ. ನಿಮ್ಮೆಲ್ಲರ ಹಾಗೇ ಹೇಳ್ದೆ. ರನ್ವಾಳ ಒಂದೊಂದು ಹೂವೂ ನನ್ನ ಕೈಯಲ್ಲಿ ಅರಳಿದ್ದು. ಅತ್ತೆಯ ಮಂಡಿ ನಾನು ಬಗ್ಗಿಸಿದ್ದು. ನಿನ್ನ ದೋಣಿಯ ಬಟ್ಟೆ ವಾರಕ್ಕೆರಡು ಸಲ ನಾನು ಒಗೀತೀನಿ. ನನ್ನದಕ್ಕೆ ನೀನು ಏನು ಮಾಡ್ದೆ ಟುಮ್ಮಸ್? ಹೈನಿ ಮನೆಗೆ ಹೋಗಿ ನನ್ನ ಹೆಸರು ಅಳಿಸಿ ಬಂದೆ.”

“ಅವತ್ತು ಎಲ್ಲರೂ ಏನೇನೋ ಹೇಳ್ತಾರೆ...”

“ನಾನು ಕೋಳಿ ಅಂದೆ” ಅಂದ ಬೋಗಿ. “ಕೋಳಿ ಬಂತು.”

ರನ್ವಾ ತಟ್ಟೆ ನೋಡುತ್ತಿದ್ದಳು. ಕೊನೆಗೆ ಅಮ್ಮ ಬಾಯಿ ತೆರೆದಳು, ಅದೂ ಸೊಸೆಯನ್ನೇ ಬೈಯಲು.

“ಆ ಕಿಂಡೀಲಿ ನಿನಗಿಂತ ಮುಂಚೆ ನಾನು ನಿಂತಿದ್ದೆ. ಇವನು ಹೊಟ್ಟೇಲಿದ್ದಾಗ್ಲೂ ನಿಂತಿದ್ದೆ. ಮಂಡಿ ಹೋಗಿದ್ದು ಅಲ್ಲೇ, ಬಂಡೆ ಮೇಲೆ ಜಾರಿ. ಒಂದು ದಿನ ಇಲ್ಲ ಅನ್ಲಿಲ್ಲ.”

“ಬರ್ತೀಯಾ ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಅತ್ತೆ? ಒಂದು ಸಲನಾದ್ರೂ?”

“ಕೇಳೋದೇನಿತ್ತು?” ಅಂದಳು ಅಮ್ಮ.

ಬ್ರೆಡ್ಡಿನ ಚಾಕುವನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಕೇಳೋದೇನಿತ್ತು” ಎಂದು ಇನ್ನೊಂದು ಸಲ ಅಂದಳು, ಈ ಸಲ ಯಾರಿಗೂ ಅಲ್ಲ. ಆಮೇಲೆ ಆ ಸಂಜೆ ಅವಳು ಊಟಕ್ಕೆ ಏನೂ ಕೇಳಲಿಲ್ಲ.

ಭಾನುವಾರ ಚರ್ಚಿನ ದಿನ, ಕುರಿ ಇಳಿಸುವಂತಿಲ್ಲ. ಸೋಮವಾರ ಸಂಜೆಗೆ ನಿಶ್ಚಯವಾಯಿತು. ಅಣ್ಣ ಬಾಗಿಲಲ್ಲಿ ನಿಂತು, ಅಭ್ಯಾಸವಿಲ್ಲದ ಕೆಲಸ ಮಾಡುವವನಂತೆ, “ನೀನು ಬರ್ತೀಯಾ?” ಅಂದ.

“ಇಲ್ಲ. ತರಬೇತಿ ಇದೆ.”

“ನನಗೂ ಇದೆಯಲ್ಲ. ಆ ಕಿಂಡೀಲಿ ಯಾರಾದ್ರೂ ನಿಲ್ಲಲೇಬೇಕು.”

“ಹೌದು, ನಿಲ್ಬೇಕು. ನೀನು ಬರಲ್ಲ ಅಂತ ನಿಮ್ಮ ದೋಣಿಯವರಿಗೆ ನಾನು ಹೇಳ್ಲಾ? ನಿನಗೆ ಸಂಕೋಚ ಇರಬಹುದು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಿವಿ ಕೆಂಪಾಯಿತು. ಸೋಮವಾರ ಅವನೇ ಹೋಗಿ ಕಿಂಡಿಯಲ್ಲಿ ನಿಂತ. ಎರಡು ಟಗರು ಅವನ ಕಾಲಡಿಯಿಂದಲೇ ತಪ್ಪಿಸಿಕೊಂಡವಂತೆ.

*

ಓಲವ್‌ಸೋಕಾ ದಿನ ಹಾವ್ನ್‌ನ ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಳು ದೋಣಿಗಳಲ್ಲಿ ನಾವು ನಾಲ್ಕನೆಯವರಾಗಿ ಬಂದೆವು. ಮೂರನೆಯವರಾಗಬಹುದಿತ್ತು, ಕೊನೆಯಲ್ಲಿ ನಾನು ಎಣಿಕೆಯನ್ನು ಏರಿಸಿದ್ದು ತಡವಾಯಿತು ಎಂದು ಹೈನಿ ಇವತ್ತಿಗೂ ಹೇಳುತ್ತಾನೆ, ಹೇಳಿಕೊಳ್ಳಲಿ. ಗಂಡಸರ ದೋಣಿ ಆರನೆಯದಾಯಿತು. ಸುನ್ನೆವಾಳ ಎರಡೂ ಅಂಗೈ ಸುಲಿದು ರಕ್ತ ಒಸರುತ್ತಿತ್ತು. ಅವಳು ಕೈಯನ್ನು ಸಮುದ್ರದೊಳಗೆ ಅದ್ದಿ ಜೋರಾಗಿ ನಕ್ಕಳು. ದಡದ ಮೇಲೆ ಅಮ್ಮ ಬೆಳ್ಳಿ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ ನಿಂತಿದ್ದಳು. ಕೂಗಲಿಲ್ಲ, ಕೈ ಬೀಸಲಿಲ್ಲ. ಪಕ್ಕದವರಿಗೆ, “ಎರಡನೇ ಹುಟ್ಟು ನಮ್ಮ ಮನೇದು” ಅಂದಳಂತೆ. ನನಗೆ ಹೇಳಿದವಳು ರನ್ವಾ.

ಸಂಜೆ ಮನೆಗೆ ಬಂದು ಊಟಕ್ಕೆ ಕೂತೆವು. ಕುರಿಮಾಂಸವನ್ನು ಬೆಳಿಗ್ಗೆಯೇ ಒಲೆಯೊಳಗೆ ಇಟ್ಟು ಹೋಗಿದ್ದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ರನ್ವಾ ತಾನಾಗಿ ತಟ್ಟೆ ಹಾಕಿದಳು, ಅದು ಹೊಸದು. ಸುನ್ನೆವಾ ಕೈಗಳಿಗೆ ಬಟ್ಟೆ ಸುತ್ತಿಕೊಂಡು ಬಂದು ಕೂತಳು. ಎಲ್ಲರಿಗಿಂತ ಮೊದಲು ಕೂತಳು.

ಆಲೂಗಡ್ಡೆ ಇತ್ತು, ಮಾಂಸ ಇತ್ತು. ಗ್ರೇವಿ ಇನ್ನೂ ಅಡುಗೆಮನೆಯಲ್ಲೇ ಇತ್ತು. ನಾವೆಲ್ಲ ಕಾದೆವು. ಅಣ್ಣ ಅಡುಗೆಮನೆಯ ಬಾಗಿಲು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಅವಳು ಬೋಗಿಗೆ ಪಂದ್ಯದ ಮಾತು ಹೇಳುತ್ತಿದ್ದಳು.

“ಟುಮ್ಮಸ್” ಅಂದಳು ಅಮ್ಮ. “ಗ್ರೇವಿ ತಣ್ಣಗಾಗ್ತಿದೆ.”

ಅಣ್ಣ ಎದ್ದು ಹೋದ. ಒಳಗಿನಿಂದ ಒಂದು ಖಾನೆ ಎಳೆದ ಸದ್ದು, ಇನ್ನೊಂದು ಖಾನೆ ಎಳೆದ ಸದ್ದು. ಹದಿನೈದು ವರ್ಷದ ಸಂಸಾರ, ಅವನದೇ ಅಡುಗೆಮನೆ.

“ಸೌಟು ಎಲ್ಲಿದೆ?” ಎಂದು ಕೂಗಿದ.

ನನಗೆ ಗೊತ್ತಿತ್ತು. ಬಾಯಿ ತೆರೆದೆ. ಮೇಜಿನ ಕೆಳಗೆ ಅಮ್ಮ ತನ್ನ ಹೊಸ ಮಂಡಿಯ ಕಾಲಿನಿಂದ ನನ್ನ ಕಾಲನ್ನು ಗಟ್ಟಿಯಾಗಿ ತುಳಿದಳು.

“ಹುಡುಕ್ಲಿ” ಅಂದಳು.